ಹತ್ತನೆಯ ಬುಗುಟು

ಪ್ರೀತಿಯ ಅಕ್ಕನಿಗೆ,

ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಎರಡನೆಯ ಲೋಟ ಚಹಾ ಕುಡಿದ ಮೇಲೆ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ಕಳೆದ ಮಂಗಳವಾರ ಮಧ್ಯಾಹ್ನ ಒಂದೂಕಾಲು ಗಂಟೆಗೆ, ವಸ್ತುಸಂಗ್ರಹಾಲಯದ ಎರಡನೆಯ ಮಹಡಿಯ ಏಡಿ ಕೋಣೆಯಲ್ಲಿ, ಬೀಗ ಹಾಕಿದ್ದ ಕಪಾಟಿನಿಂದ ನಾನು ಒಂದು ಚಿತ್ರದ ಹಾಳೆಯನ್ನು ಕದ್ದಿದ್ದೇನೆ. ಬೀಗದ ಕೈ ನನ್ನ ಬಳಿಯೇ ಇತ್ತು. ಆ ಕಪಾಟನ್ನು ಕಳ್ಳರಿಂದ ಕಾಯುವ ಹೊಣೆಯೂ ನನ್ನದೇ. ಹೀಗಾಗಿ ನನ್ನ ಕಣ್ಣಿಗೆ ನಾನೇ ಮಣ್ಣೆರಚಿ ಕದಿಯಬೇಕಾಯಿತು. ಅದೇನೂ ಕಷ್ಟವಾಗಲಿಲ್ಲ. ನನ್ನ ಕಣ್ಣಿನ ಕಥೆಗೆ ಆಮೇಲೆ ಬರುತ್ತೇನೆ.

ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ಅಂಗಿಯೊಳಗೆ ಬೆನ್ನಿಗೆ ಆನಿಸಿಕೊಂಡು ಮೆಟ್ಟಿಲಿಳಿದೆ. ಬಾಗಿಲಲ್ಲಿ ಕಾವಲುಗಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನ್ ಸಾರ್, ಇವತ್ತು ಇಷ್ಟು ನೆಟ್ಟಗೆ ನಡೀತಿದೀರಾ? ಯಾರಾದ್ರೂ ಬೈದ್ರಾ, ಹೊಗಳಿದ್ರಾ?" ಎಂದ. ಮೂವತ್ತೈದು ವರ್ಷ ಬಾಟಲಿಗಳ ಮೇಲೆ ಬಗ್ಗಿ ಬಗ್ಗಿ ಬೆಂಡಾದ ಬೆನ್ನು, ಅಕ್ಕ, ಕದ್ದ ಮಾಲಿನ ಬಲದಿಂದ ಒಂದು ದಿನ ನೆಟ್ಟಗಾಯಿತು. ಅಪ್ರಾಮಾಣಿಕತೆಗೆ ಬೆನ್ನೆಲುಬಿರುವುದಿಲ್ಲ ಎನ್ನುವವರು ನನ್ನನ್ನು ನೋಡಬೇಕಿತ್ತು.

ಆ ಹಾಳೆ ಈ ಲಕೋಟೆಯಲ್ಲೇ ಇದೆ. ಈಗಲೇ ರಟ್ಟು ಬಿಚ್ಚಬೇಡ. ಪತ್ರ ಪೂರ್ತಿ ಓದು, ಆಮೇಲೆ ಬಿಚ್ಚು. ಚಿಕ್ಕಂದಿನಲ್ಲಿ ನಾನು ಪರೀಕ್ಷೆಯ ಫಲಿತಾಂಶದ ಕಾಗದವನ್ನು ಹಿಂದೆ ಬಚ್ಚಿಟ್ಟುಕೊಂಡು "ಮೊದ್ಲು ಬೈಯಲ್ಲ ಅಂತ ಹೇಳು" ಎನ್ನುತ್ತಿದ್ದೆನಲ್ಲ, ಹಾಗೆಂದುಕೋ.

ಮೊದಲು ಸಂತೋಷದ ಸುದ್ದಿ. ನಿನ್ನ ತಮ್ಮ ಒಂದು ಹೊಸ ಏಡಿಯನ್ನು ಕಂಡುಹಿಡಿದಿದ್ದಾನೆ. ಹೊಸದೆಂದರೆ ಅದಕ್ಕೇನೂ ಹೊಸದಲ್ಲ. ಅದು ಲಕ್ಷಾಂತರ ವರ್ಷಗಳಿಂದ ಅಳಿವೆಯ ಉಪ್ಪುನೀರಿನಲ್ಲಿ ನಿಂತ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಉಪ್ಪುಕೆಸರು ಮೆತ್ತಿಕೊಂಡು, ಉದುರಿದ ಎಲೆ ತಿಂದುಕೊಂಡು ತನ್ನ ಪಾಡಿಗೆ ತಾನಿದೆ. ಬೆನ್ನಚಿಪ್ಪು ನಿನ್ನ ಹೆಬ್ಬೆರಳಿನ ಉಗುರಿನಷ್ಟು ಅಗಲ. ಬಣ್ಣ ಕೆಸರಿನದೇ; ಇಕ್ಕಳದ ತುದಿ ಮಾತ್ರ ಕಿತ್ತಳೆ. ನೀರು ಇಳಿದಾಗ ಬಿಲದ ಬಾಯಿಗೆ ಬಂದು ಎರಡು ಕಣ್ಣುಗಳನ್ನು ಕಡ್ಡಿಯ ಮೇಲೆ ಎತ್ತಿ ನೋಡುತ್ತದೆ. ನೆರಳಾಡಿದರೆ ಮಾಯ. ಇದಿಷ್ಟನ್ನೇ ಹೇಳಲು ನಾನು ಇಪ್ಪತ್ತೆರಡು ಪುಟ ಬರೆದಿದ್ದೇನೆ. "ಹಣೆ ಅಗಲವಾಗಿದ್ದು ಕೆಳಗೆ ಬಾಗಿದೆ, ನಡುವೆ ಸ್ಪಷ್ಟವಾದ ತಗ್ಗು ಇದೆ, ಅಲ್ಲಲ್ಲಿ ವಿರಳ ಕೂದಲು": ಇದು ಏಡಿಯ ವರ್ಣನೆ, ಈಗಿನ ನಿರ್ದೇಶಕರದ್ದಲ್ಲ. ಗಂಡೇಡಿಯ ಹೊಟ್ಟೆಯ ಮಡಿಕೆಯಡಿ ಇರುವ ಖಾಸಗಿ ಅಂಗಕ್ಕೇ ಎರಡು ಪುಟ ಹೋಗಿದೆ. ಅಕ್ಕನಿಗೆ ಬರೆಯುವ ಪತ್ರದಲ್ಲಿ ಅದರ ವಿವರ ಸಲ್ಲದು. ಅಂಥವುಗಳ ನೂರಾರು ಚಿತ್ರಗಳನ್ನು ನೀನು ರೆಪ್ಪೆ ಅಲುಗಿಸದೆ ಬರೆದಿದ್ದೀಯ, ಆ ಮಾತು ಬೇರೆ.

ಸುದ್ದಿ ಕೇಳಿ ನಿರ್ದೇಶಕರು ಎಲ್ಲರನ್ನೂ ಕರೆದು ಬಿಸ್ಕತ್ತು ಕೊಟ್ಟರು. ಹೇಗೆ ಪತ್ತೆಯಾಯಿತೆಂದು ಕೇಳಿದರು. ದೋಣಿಯವನು ತಂದುಕೊಟ್ಟ ಹನ್ನೊಂದು ಏಡಿಗಳನ್ನು ತಟ್ಟೆಗೆ ಸುರಿದೆ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ, ಒಂದೇ ನೋಟಕ್ಕೆ ಗೊತ್ತಾಯಿತು ಎಂದೆ. "ಮೂವತ್ತೈದು ವರ್ಷದ ಕಣ್ಣು ಸಾರ್, ಬೇರೇನಿಲ್ಲ" ಎಂದು ಸೇರಿಸಿದೆ. ನಿರ್ದೇಶಕರು "ಹದ್ದಿನ ಕಣ್ಣು ಇವ್ರದು" ಎಂದರು. ನಾನು ತಲೆ ತಗ್ಗಿಸಿ ಬಿಸ್ಕತ್ತು ತಿಂದೆ. ಕಾವಲುಗಾರನೊಬ್ಬನೇ ಒಪ್ಪಲಿಲ್ಲ. "ಹೊಸ ಜಾತಿ ಅಂತೀರಿ. ಇರೋ ಜಾತಿಗಳ ಜಗಳವೇ ಸಾಕಾಗಿದೆ, ಇನ್ನೊಂದ್ಯಾಕೆ ಸಾರ್?" ಎಂದ.

ಅವನ ಮಾತು ಮತ್ತೆ ಮತ್ತೆ ಬರುತ್ತಿದೆ ಎಂದುಕೊಳ್ಳಬೇಡ. ಈಗ ನನ್ನ ದಿನದ ಮಾತುಕತೆಯಲ್ಲಿ ಮುಕ್ಕಾಲು ಪಾಲು ಅವನ ಜೊತೆಯೇ, ಬಾಗಿಲು ದಾಟುವ ಆ ಎರಡು ನಿಮಿಷದಲ್ಲಿ. ಉಳಿದ ಕಾಲು ಪಾಲು ಏಡಿಗಳ ಜೊತೆ. ಕೋಣೆಯಲ್ಲಿ ನಾಲ್ಕು ಸಾವಿರದ ಇನ್ನೂರು ಬಾಟಲಿಗಳಿವೆ. ಎಲ್ಲದರಲ್ಲೂ ಸ್ಪಿರಿಟ್ ತುಂಬಿದೆ. ಕೋಣೆಯಲ್ಲಿ ಸ್ಪಿರಿಟ್ ಇಲ್ಲದವನು ನಾನೊಬ್ಬನೇ. ಬೆಳಗ್ಗೆ ಬೀಗ ತೆಗೆದಾಗ ಅಷ್ಟೂ ಏಡಿಗಳು ಗಾಜಿನಾಚೆಯಿಂದ ನೋಡುತ್ತವೆ, "ಬಂದ ನೋಡು" ಎನ್ನುವಂತೆ. ಸಂಜೆ ದೀಪ ಆರಿಸುವಾಗ "ಬರ್ಲಾ?" ಎಂದು ಹೇಳುವ ಅಭ್ಯಾಸ ನನಗೆ ಯಾವಾಗ ಅಂಟಿತೋ ತಿಳಿಯದು. ಮನೆಗೆ ಹೋದರೆ ಅಲ್ಲಿ ಅದನ್ನೂ ಹೇಳುವಂತಿಲ್ಲ. ಒಂದು ತಟ್ಟೆ, ಒಂದು ಲೋಟ, ಬಾಗಿಲ ಬಳಿ ಒಂದು ಜೊತೆ ಚಪ್ಪಲಿ. ಚಪ್ಪಲಿಗಾದರೂ ಜೊತೆಯಿದೆ.

ನಿನ್ನ ಸ್ಟೂಲು ಕಿಟಕಿಯ ಪಕ್ಕದಲ್ಲಿ ಹಾಗೇ ಇದೆ. ತಿರುಪು ತಿರುಗಿಸಿ ನಿನ್ನ ಎತ್ತರಕ್ಕೆ ಇಳಿಸಿಕೊಂಡಿದ್ದೆಯಲ್ಲ, ಆ ತಿರುಪು ತುಕ್ಕು ಹಿಡಿದು ಅಲ್ಲೇ ನಿಂತಿದೆ. ಯಾರು ಕೂತರೂ ಮೊಣಕಾಲು ಗಲ್ಲಕ್ಕೆ ಬರುತ್ತದೆ. ನೀನು ಕೆಲಸ ಬಿಟ್ಟ ಮೇಲೆ ಚಿತ್ರಗಾರರ ಹುದ್ದೆಯನ್ನೇ ತೆಗೆದುಹಾಕಿದರು. ಈಗ ಎಲ್ಲಕ್ಕೂ ಫೋಟೊ. ಫೋಟೊದಲ್ಲಿ ಒದ್ದೆ ಏಡಿ ಮಿಂಚುತ್ತದೆಯೇ ಹೊರತು ಕಾಣುವುದಿಲ್ಲ.

ನೀನು ಕೆಲಸ ಮಾಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಸೂಕ್ಷ್ಮದರ್ಶಕಕ್ಕೆ ಆ ಪುಟ್ಟ ಕನ್ನಡಿ ತಗುಲಿಸುತ್ತಿದ್ದೆ. ಅದರಲ್ಲಿ ಏಡಿಯೂ ಹಾಳೆಯ ಮೇಲಿನ ನಿನ್ನ ಕೈಯೂ ಒಂದರ ಮೇಲೊಂದು ಕಾಣುತ್ತಿದ್ದವು. ಪೆನ್ಸಿಲಿನ ಮೊನೆಯನ್ನು ಉಪ್ಪುಕಾಗದಕ್ಕೆ ತಿಕ್ಕಿ ಸೂಜಿ ಮಾಡಿಕೊಂಡು, ಉಸಿರು ಹಿಡಿದು ಗೆರೆ ಎಳೆಯುತ್ತಿದ್ದೆ. ಗೆರೆ ಮುಗಿದಾಗ ಉಸಿರು ಬಿಡುತ್ತಿದ್ದೆ. ಗೆರೆಯ ಮೇಲೆ ಭಾರ ಜಾಸ್ತಿ ನಿನ್ನದು. ಹಾಳೆಯ ಹಿಂದೆ ಕೈಯಾಡಿಸಿದರೆ ಏಡಿ ಬೆರಳಿಗೆ ಸಿಗುತ್ತಿತ್ತು. ನೀನು ಪ್ರಾಣಿಶಾಸ್ತ್ರ ಓದಿದವಳಲ್ಲ. ಅಮ್ಮ ಹೋದ ವರ್ಷ ಓದು ಬಿಟ್ಟು ಈ ಕೆಲಸ ಹಿಡಿದವಳು, ನಾನು ಓದಲಿ ಎಂದು. ನಾನು ಓದಿದೆ. ಓದಿ ಓದಿ, ನಿನ್ನ ಪಕ್ಕದ ಮೇಜಿಗೇ ಬಂದು, ನಿನಗೇ ತಪ್ಪು ಹೇಳುವಷ್ಟು ಬುದ್ಧಿವಂತನಾದೆ.

ಈಗ ಆ ಮಾತಿಗೆ ಬರಬೇಕು. ಇಪ್ಪತ್ತೆರಡು ವರ್ಷದಿಂದ ಇದರ ಸುತ್ತ ಅಡ್ಡಡ್ಡ ನಡೆದಿದ್ದೇನೆ.

ಅವತ್ತು ನೀನು ಬರೆಯುತ್ತಿದ್ದದ್ದು ಒಂದೇ ಒಂದು ಗಂಡೇಡಿ, ಒಂದು ಹಳೆಯ ಸಂಗ್ರಹದ ತಳದಲ್ಲಿ ಸಿಕ್ಕಿದ್ದು. ನಾನು ಅದನ್ನು ಮಾಮೂಲಿ ಕಾಂಡ್ಲಾ ಏಡಿ ಎಂದು ಚೀಟಿ ಹಚ್ಚಿದ್ದೆ. ಮಾಮೂಲಿ ಏಡಿಯ ಇಕ್ಕಳದಲ್ಲಿ ಅಲ್ಲಾಡುವ ಬೆರಳಿನ ಬೆನ್ನ ಮೇಲೆ ಸಾಲಾಗಿ ಒಂಬತ್ತು ಪುಟ್ಟ ಉಬ್ಬು, ಬುಗುಟುಗಳು. ಪುಸ್ತಕದಲ್ಲೂ ಒಂಬತ್ತು, ನನ್ನ ಬರಹದಲ್ಲೂ ಒಂಬತ್ತು. ನಿನ್ನ ಚಿತ್ರದಲ್ಲಿ ಹತ್ತು. ಬರಹ ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಎರಡರಲ್ಲೊಂದು ಬದಲಾಗಬೇಕಿತ್ತು.

"ಹತ್ತು ಇದೆ ಕಣೋ. ಬೇಕಾದ್ರೆ ನೀನೇ ಬಂದು ಎಣಿಸು" ಎಂದೆ ನೀನು.

ನಾನು ಬಂದು ಎಣಿಸಿದೆ. "ಒಂಬತ್ತೇ ಅಕ್ಕ. ಪುಸ್ತಕದಲ್ಲೂ ಒಂಬತ್ತೇ."

"ಪುಸ್ತಕ ನೋಡ್ಕೊಂಡು ಏಡಿ ಹುಟ್ಟತ್ತೇನೋ? ಸರಿಯಾಗಿ ನೋಡು. ಕೊನೇದು ಚಿಕ್ಕದು. ಒಂಬತ್ತನೇದರ ಬೆನ್ನಿಗೆ ಅಂಟ್ಕೊಂಡು ಕೂತಿದೆ, ನೀನು ಚಿಕ್ಕವನಿದ್ದಾಗ ನನ್ನ ಬೆನ್ನಿಗೆ ಅಂಟ್ಕೊಂಡಿರ್ತಿದ್ದೆಯಲ್ಲ, ಹಾಗೆ."

ನಾನು ಮತ್ತೆ ನೋಡಿದೆ. ಒಂಬತ್ತೇ. ಕೆಸರಿನ ಕಣ ಇರಬೇಕು ಎಂದೆ. ನೀನು ಕುಂಚದಲ್ಲಿ ತೊಳೆದು ತೋರಿಸಿದೆ. ಬೆಳಕಿನ ಆಟ ಎಂದೆ. ನೀನು ದೀಪ ತಿರುಗಿಸಿದೆ. ಕೊನೆಗೆ ನಾನು ನಕ್ಕು, "ವಯಸ್ಸಾಯ್ತು ಅಕ್ಕ ನಿಂಗೆ, ಒಂದು ಎರಡಾಗಿ ಕಾಣ್ತಿದೆ" ಎಂದೆ. ನೀನು ನಗಲಿಲ್ಲ. ಊಟದ ಹೊತ್ತಿಗೆ ನೀನು ಕೆಳಗೆ ಹೋದಾಗ ರಬ್ಬರು ತೆಗೆದುಕೊಂಡು ಹತ್ತನೆಯ ಬುಗುಟನ್ನು ನಾನೇ ಅಳಿಸಿದೆ. ಶಾಯಿಯ ಪ್ರತಿಯನ್ನು ಅದರ ಮೇಲಿಂದಲೇ ತೆಗೆದರು. ಅಚ್ಚಿನಲ್ಲಿ ಒಂಬತ್ತು ಬಂತು. ನನಗೆ ಬಡ್ತಿಯೂ ಬಂತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಬುಗುಟಿನ ವಿಷಯವಾಗಿ ಮುಗಿಯುತ್ತಿತ್ತು. ಚಿತ್ರ ತಿದ್ದಿದ್ದೇಕೆ ಎಂದು ಆಗಿನ ನಿರ್ದೇಶಕರು ಕೇಳಿದರು. ನಾನು ಅವರ ಮೇಜಿನ ಮುಂದೆ ನಿಂತು, ದನಿ ತಗ್ಗಿಸಿ, ತುಂಬಾ ಕಾಳಜಿಯಿಂದ, "ಅಕ್ಕನ ಕಣ್ಣು ಸ್ವಲ್ಪ… ಮೊದಲಿನ ಹಾಗಿಲ್ಲ ಸಾರ್" ಎಂದೆ. ಅವರು ನಿನ್ನನ್ನು ಕರೆದು ಅಷ್ಟೇ ಕಾಳಜಿಯಿಂದ ವಿಶ್ರಾಂತಿಯ ಮಾತಾಡಿದರು. ತಿಂಗಳು ಕಳೆಯುವುದರೊಳಗೆ ನೀನು ರಾಜೀನಾಮೆ ಕೊಟ್ಟು ಭಾವನ ಊರಿಗೆ ಹೋಗಿ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತೆ. "ಕಣ್ಣನ್ನಂತೂ ನಂಬೋ ಹಾಗಿಲ್ಲ, ಕಿವಿಯಾದ್ರೂ ದುಡೀಲಿ" ಎಂದು ನೀನು ಹೇಳಿದೆಯಂತೆ. ಭಾವ ನನಗೆ ಹೇಳಿದರು, ತಮಾಷೆಯೆಂಬಂತೆ. ನಾನೂ ನಕ್ಕೆ.

ಮರುವರ್ಷ ನಿಮ್ಮ ಮನೆಗೆ ಬಂದಾಗ ಪಕ್ಕದ ಮನೆಯ ಪುಟ್ಟ ಹುಡುಗಿ ಬಂದು ಬೆಕ್ಕಿನ ಚಿತ್ರ ಬರೆದುಕೊಡು ಎಂದು ನಿನಗೆ ದುಂಬಾಲು ಬಿದ್ದಳು. "ನಂಗೆ ಸರಿಯಾಗಿ ಕಾಣಲ್ಲ ಪುಟ್ಟಿ" ಎಂದೆ ನೀನು. ಮನೆಯಲ್ಲಿ ಒಂದು ಪೆನ್ಸಿಲೂ ಇರಲಿಲ್ಲ. ಅದೇ ಸಂಜೆ ನನ್ನ ಅಂಗಿಯ ಗುಂಡಿ ಕಿತ್ತುಬಂದಿತ್ತು. ನೀನು ಸೂಜಿ ತೆಗೆದು, ಮಬ್ಬು ಬೆಳಕಿನಲ್ಲಿ, ಮಾತಾಡುತ್ತಾ ಮಾತಾಡುತ್ತಾ, ಒಂದೇ ಸಲಕ್ಕೆ ದಾರ ಪೋಣಿಸಿದೆ. ನಾನು ನೋಡಿದೆ ಅಕ್ಕ. ನೋಡಿಯೂ "ಗುಂಡಿ ಗಟ್ಟಿ ಹಾಕು" ಎಂದೆ.

ಅಂದಿನಿಂದ ನಮ್ಮದು ಭಾನುವಾರದ ಫೋನು. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." "ಹುಷಾರು." "ಹ್ಞೂಂ, ನೀನೂ." ಭಾವ ತೀರಿಕೊಂಡ ಮೇಲೂ ಅಷ್ಟೇ. ಮೂರು ನಿಮಿಷ ದಾಟಿದ್ದಿಲ್ಲ. ನೀನು ಇಟ್ಟ ಮೇಲೆ ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿರುತ್ತೇನೆ. ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟವಳು ನೀನು. ನಿನಗೂ ನನಗೂ ನಡುವಿನ ತಂತಿಯನ್ನು ಕತ್ತರಿಸಿದ್ದು ನಾನಾದ್ದರಿಂದ ಜೋಡಿಸು ಎಂದು ಯಾವ ಬಾಯಲ್ಲಿ ಕೇಳಲಿ? ಇಲ್ಲಿ ಎಲ್ಲರೂ ನನ್ನನ್ನು 'ಏಡಿ ಸಾರ್' ಎನ್ನುತ್ತಾರೆ. 'ಹೇಡಿ ಸಾರ್' ಎಂದಿದ್ದರೂ ನಾನು ತಿರುಗಿ ನೋಡುತ್ತಿದ್ದೆ.

ಈಗ ಈ ವರ್ಷದ ಮಾತು. ದೋಣಿಯವನು ತಂದ ಹನ್ನೊಂದರಲ್ಲಿ ಏಳು ಗಂಡು. ಏಳಕ್ಕೂ ಹತ್ತು ಬುಗುಟು. ಹತ್ತನೆಯದು ಚಿಕ್ಕದು, ಒಂಬತ್ತನೆಯದರ ಬೆನ್ನಿಗೆ ಅಂಟಿಕೊಂಡು ಕೂತಿದೆ. ನಾನು ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. ಹಿಂದಿನ ಸಾಲಿನ ಬಾಟಲಿಗಳನ್ನೆಲ್ಲ ಸರಿಸಿ ನಿನ್ನ ಏಡಿಯನ್ನು ಹುಡುಕಿದೆ. ಸ್ಪಿರಿಟ್ ಅರ್ಧ ಆರಿತ್ತು, ಏಡಿ ಸುರಕ್ಷಿತವಾಗಿತ್ತು. ಎಣಿಸಿದೆ. ಹತ್ತು. ಆಮೇಲೆ ಕಪಾಟು ತೆರೆದು ನಿನ್ನ ಹಾಳೆ ತೆಗೆದೆ. ಪೆನ್ಸಿಲಿನ ಕಪ್ಪು ಹೋಗಿದೆ, ಆದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನೀನು ಒತ್ತಿ ಎಳೆದ ಗೆರೆಯ ತೋಡು ಹಾಗೇ ಇದೆ. ರಬ್ಬರು ಬಣ್ಣ ಒಯ್ದಿತ್ತು, ಬುಗುಟನ್ನು ಒಯ್ದಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ, ನಿನಗೆ ಗೊತ್ತು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದೇ ಒಂದು ಪ್ರಾಣಿಯನ್ನು ಆರಿಸಿ, ಈ ಹೆಸರು ಇದರ ಮೇಲೆ ನಿಂತಿದೆ ಎಂದು ಘೋಷಿಸಬೇಕು. ಲೋಕದಲ್ಲಿ ಯಾರಿಗೆ ಅನುಮಾನ ಬಂದರೂ ಆ ಒಂದನ್ನೇ ಬಂದು ನೋಡಬೇಕು. ಹೊಸ ಏಳನ್ನು ಬಿಟ್ಟು ನಿನ್ನ ಏಡಿಯನ್ನೇ ಆರಿಸಿದ್ದೇನೆ. ಬಾಟಲಿಗೆ ಕೆಂಪು ದಾರ ಕಟ್ಟಿದ್ದೇನೆ. ಹೆಸರು ಲ್ಯಾಟಿನ್ನಿನಲ್ಲಿ 'ಸೊರೊರಿಸ್', ಅಂದರೆ 'ಅಕ್ಕನದು'. ಲ್ಯಾಟಿನ್ನಿಗೆ ಅಕ್ಕ, ತಂಗಿ ಎಂಬ ವ್ಯತ್ಯಾಸ ತಿಳಿಯದು, ಪಾಪ. ಅದಕ್ಕೆ ಅಡಿಟಿಪ್ಪಣಿಯಲ್ಲಿ 'ಹಿರಿಯಳು' ಎಂದು ಬರೆದಿದ್ದೇನೆ. ಭಾವ ಇದ್ದಿದ್ದರೆ, "ಕಚ್ಚೋದನ್ನ ನೋಡಿಯೇ ನಿನ್ನ ಹೆಸರಿಟ್ಟಿದಾನೆ" ಎನ್ನುತ್ತಿದ್ದರು.

ಚಿತ್ರವೇ ಉಳಿದಿರುವುದು. ನಾನೇ ಬರೆಯಲು ನೋಡಿದೆ. ಕಾಲು ಮೂಡಿದ ಆಲೂಗಡ್ಡೆಯಂತೆ ಬಂತು. ನಿನ್ನ ಹಾಳೆಯಲ್ಲಿ ಆ ಒಂದು ಬುಗುಟನ್ನು ತುಂಬೋಣವೆಂದು ಪೆನ್ಸಿಲು ಹಿಡಿದೆ. ಕೈ ಬರಲಿಲ್ಲ. ಅಳಿಸಿದ ಕೈಯೇ ಬರೆಯುವುದು ಸರಿಯಲ್ಲ ಎನಿಸಿತು. ಮೂಲ ಚಿತ್ರಗಳು ಕಟ್ಟಡದಿಂದ ಹೊರಗೆ ಹೋಗುವಂತಿಲ್ಲ, ಅದಕ್ಕೇ ಕಳ್ಳತನ.

ಆದ್ದರಿಂದ ಅಕ್ಕ, ಈಗ ರಟ್ಟು ಬಿಚ್ಚು. ಪೆನ್ಸಿಲನ್ನೂ ಉಪ್ಪುಕಾಗದದ ಒಂದು ತುಂಡನ್ನೂ ಇಟ್ಟಿದ್ದೇನೆ. ಬಲ ಇಕ್ಕಳದ ತುದಿಗೆ ಕಿರುಬೆರಳು ಆಡಿಸು. ನೋಡಬೇಕಾಗಿಲ್ಲ, ಬೆರಳಿಗೇ ಸಿಗುತ್ತದೆ. ಅಲ್ಲಿ ನಿನ್ನದನ್ನು ನೀನು ಮತ್ತೆ ಬರೆ. ಅಂಚೆಯಲ್ಲಿ ವಾಪಸು ಕಳಿಸಿದರೂ ಆದೀತು. ನೀನೇ ತಂದರೆ ಕದ್ದ ಮಾಲು ತಾನಾಗಿ ನಡೆದು ಬಂದಂತಾಗುತ್ತದೆ, ನನಗೆ ಶಿಕ್ಷೆ ಕಡಿಮೆಯಾಗಬಹುದು. ಏಳು ತಿಂಗಳಿಗೆ ನನ್ನ ನಿವೃತ್ತಿ. ಆಮೇಲೆ ಆ ಸ್ಟೂಲು ಯಾರಿಗೂ ಬೇಡ. ನೀನು ಬರೆಯದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟೇ ಅಚ್ಚಿಗೆ ಕಳಿಸುತ್ತೇನೆ, ಕೆಳಗೆ ಕಾರಣ ಬರೆದು. ಆ ಕಾರಣ ನಿರ್ದೇಶಕರಿಗೂ ಇಷ್ಟವಾಗುವುದಿಲ್ಲ, ಬಿಸ್ಕತ್ತಿಗೂ.

ಇನ್ನೊಂದು ಮಾತಿದೆ. ಹದ್ದಿನ ಕಣ್ಣು ಎಂದರಲ್ಲ ನಿರ್ದೇಶಕರು.

ಚಳಿಗಾಲದಲ್ಲಿ ಒಂದು ಭಾನುವಾರ "ಹತ್ತು ದಿನ ಕಾಂಡ್ಲಾ ಕಾಡಿಗೆ ಹೋಗ್ತಿದೀನಿ, ಫೋನ್ ಸಿಗಲ್ಲ" ಎಂದಿದ್ದೆ. ಕಚೇರಿಯಲ್ಲಿ "ಅಕ್ಕನ ಮನೆಗೆ" ಎಂದು ರಜೆ ಬರೆದಿದ್ದೆ. ಹೋದದ್ದು ಕಣ್ಣಿನ ಆಸ್ಪತ್ರೆಗೆ, ಪೊರೆ ತೆಗೆಸಲು. ಬೆಳೆಯಲು ಏಡಿಯೂ ಪೊರೆ ಬಿಡಬೇಕು. ಅದಕ್ಕೆ ಐವತ್ತೊಂಬತ್ತು ವರ್ಷ ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ. "ಜೊತೆಗೆ ಯಾರು ಬಂದಿದಾರೆ?" ಎಂದು ನರ್ಸ್ ಕೇಳಿದಳು. "ಅಕ್ಕ. ಹೊರಗೆ ಕೂತಿದಾರೆ" ಎಂದೆ. ಒಳಗೆ ಕರೆದೊಯ್ಯುವಾಗ ಅವಳು ಬಾಗಿಲ ಕಡೆ ನೋಡಿ ಯಾರಿಗೋ ತಲೆಯಾಡಿಸಿದಳು, ಯಾರಿಗೆಂದು ತಿಳಿಯಲಿಲ್ಲ. ಮನೆಗೆ ಬಂದು ಹತ್ತು ದಿನ ಒಬ್ಬನೇ ಔಷಧಿ ಹಾಕಿಕೊಂಡೆ. ಮೊದಲ ಮೂರು ದಿನ ಹನಿ ಹಣೆಗೆ, ಮೂಗಿಗೆ, ಕಿವಿಗೆ ಬಿತ್ತು, ಕಣ್ಣೊಂದನ್ನು ಬಿಟ್ಟು. ಒಳಗೆ ಕೂರಿಸಿದ ಹೊಸ ಮಸೂರದಿಂದ ಲೋಕ ಎಷ್ಟು ಚೂಪಾಗಿ ಕಂಡಿತೆಂದರೆ, ಕೆಲಸಕ್ಕೆ ಮರಳಿ ತಟ್ಟೆಗೆ ಏಡಿ ಸುರಿದಾಗ ಎಣಿಸುವುದೇ ಬೇಕಾಗಲಿಲ್ಲ. ಆ 'ಒಂದೇ ನೋಟ' ನನ್ನದಲ್ಲ, ಡಾಕ್ಟರದ್ದು.

ಆ ಡಾಕ್ಟರು ಕೇಳಿದರು, "ಕಣ್ಣುಗುಡ್ಡೆ ವಕ್ರ ಇದೆಯಲ್ರೀ, ಮೊದಲೇ ಯಾರೂ ಹೇಳಿರಲಿಲ್ವಾ?" ಇಲ್ಲ ಎಂದೆ. ಸುಳ್ಳು. ಒಬ್ಬರು ಹೇಳಿದ್ದರು, ಬಹಳ ಹಿಂದೆ. ಸೂಕ್ಷ್ಮದರ್ಶಕದ ತಿರುಪು ಎಷ್ಟು ತಿರುಗಿಸಿದರೂ ಸರಿಹೋಗುವ ದೋಷ ಇದಲ್ಲ, ಒತ್ತೊತ್ತಾಗಿರುವ ಎರಡು ಚುಕ್ಕೆ ನಿಮಗೆ ಒಂದಾಗಿ ಕಾಣುತ್ತವೆ, ಕನ್ನಡಕ ಹಾಕಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟಿದ್ದರು. ಬಡ್ತಿಯ ಸಂದರ್ಶನ ಹತ್ತಿರದಲ್ಲಿತ್ತು. ಕಣ್ಣಿನ ಕೆಲಸದವನಿಗೆ ಕಣ್ಣೇ ಸರಿಯಿಲ್ಲ ಎನ್ನುತ್ತಾರೆಂದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ರಸ್ತೆ ಬದಿಯಲ್ಲಿ ಕೊಂಡ ಚಾಳೀಸಿನಲ್ಲೇ ಇಷ್ಟು ವರ್ಷ ತಳ್ಳಿದೆ. ನಿರ್ದೇಶಕರ ಮೇಜಿನ ಮುಂದೆ ನಿಂತು "ಅಕ್ಕನ ಕಣ್ಣು ಮೊದಲಿನ ಹಾಗಿಲ್ಲ ಸಾರ್" ಎಂದೆನಲ್ಲ, ಆಗ ಆ ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ನಾಲ್ಕು ದಿನ ಹಳೆಯದು. ಅದರ ಮೇಲಿದ್ದದ್ದು ನನ್ನ ಹೆಸರು.

ನಿನ್ನ ಕಣ್ಣಿಗೆ ಇನ್ನು ಯಾರ ಕಣ್ಣೂ ತಾಗದಿರಲಿ. ನನ್ನದು ತಾಗಿದ್ದೇ ಸಾಕು.

ಭಾನುವಾರದ ಫೋನಿಗೆ ಕಾದಿರುವ,
ನಿನ್ನ ಬೆನ್ನಿಗಂಟಿದ ಪಾಪು